ಮಾತು ನಿಂತರೆ ಹೊರಡಬೇಕು

ಮಾಮಿ ಇರಬೇಕಿತ್ತು. ಕಳೆದ ಹದಿನೈದು ದಿನಗಳಲ್ಲಿ ಈ ಮಾತನ್ನು ನಾನು ಎಷ್ಟು ಸಲ ಹೇಳಿದೆನೋ ದೇವರಿಗೇ ಗೊತ್ತು. ಮಗಳು ಶ್ರುತಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು ಕೂತಿದ್ದಳು. ಒಂಬತ್ತು ತುಂಬಿತ್ತು. ಹೊಟ್ಟೆ ಒಂಚೂರು ಬಿಗಿಯಾದರೂ ಸಾಕು, ಅವಳು ನನ್ನ ಮುಖ ನೋಡುತ್ತಿದ್ದಳು. ನಾನು ಯಾರ ಮುಖ ನೋಡಲಿ? ಬಂದದ್ದು ಹೆರಿಗೆ ನೋವೋ ಬರೀ ಸುಳ್ಳು ನೋವೋ ಎಂದು ಹೇಳಬಲ್ಲವರು ಪೆರಂಬೂರಿನ ನಮ್ಮ ಬೀದಿಯಲ್ಲಿ ಒಬ್ಬರೇ ಇದ್ದರು. ಅವರು ಮೂರು ತಿಂಗಳ ಹಿಂದೆ, ಎಂಬತ್ತೇಳನೆಯ ವಯಸ್ಸಿನಲ್ಲಿ, ಮಧ್ಯಾಹ್ನ ಉಂಡು ಮಲಗಿದವರು ಮೂರೂವರೆಯ ಕಾಫಿಗೆ ಏಳಲೇ ಇಲ್ಲ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಊರಿನ ಬಸುರಿಯರನ್ನೆಲ್ಲ ನೋಡಿಕೊಂಡವರು ನನ್ನ ಮಗಳ ಸರದಿ ಬಂದಾಗ ಕೈಕೊಟ್ಟಿರಲ್ಲ ಮಾಮಿ ಎಂದು ಅವರ ತಲೆಯ ಹತ್ತಿರ ನಿಂತು ಬೈದೇಬಿಟ್ಟೆ. ಅಲ್ಲಿದ್ದವರೆಲ್ಲ ನನ್ನನ್ನು ವಿಚಿತ್ರವಾಗಿ ನೋಡಿದರು.

ಅವರ ಹೆಸರು ಹೇಳುವುದಿಲ್ಲ. ಹೇಳಿದರೂ ಬೀದಿಯಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ, ಎಲ್ಲರಿಗೂ ಅವರು ಮಾಮಿ. ನಾಲ್ಕೈದು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದ ಮಾಧ್ವರ ಮನೆಯ ಹೆಣ್ಣು. ಮೂವತ್ತಕ್ಕೂ ಹೆಚ್ಚು ವರ್ಷ ಹೆರಿಗೆ ಕೋಣೆಯಲ್ಲಿ ನರ್ಸಾಗಿ ದುಡಿದು, ನಾನು ಉಡುಪಿ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬರುವ ಹಿಂದಿನ ವರ್ಷವಷ್ಟೇ ರಿಟೈರಾಗಿದ್ದರು. ಮದುವೆ ಮಾಡಿಕೊಂಡವರಲ್ಲ. ನನ್ನ ಗಂಡನ ಮನೆಯವರದು ಕೆಳಗೆ ಹೋಟೆಲು, ಮೇಲೆ ಮನೆ. ಪ್ರತಿದಿನ ಮೂರೂವರೆಗೆ ಮಾಮಿ ಹೋಟೆಲಿನ ಮೂಲೆಯ ಮೇಜಿಗೆ ಬಂದು ಕೂರುತ್ತಿದ್ದರು. ಮೊದಲ ದಿನ ಅವರ ಕನ್ನಡ ಕೇಳಿ ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದೆ.

"ಏನಮ್ಮಾ ಹೊಸಾ ಮಾಟ್ಟುಪೊಣ್ಣು, ಸಕ್ಕರೆ ಕಮ್ಮಿ ಪೋಟ್ಟು, ಡಿಕಾಕ್ಷನ್ ಜಾಸ್ತಿ ಪೋಟ್ಟು, ಬಿಸಿಬಿಸಿ ಒಂದು ಕಾಫಿ ಕೊಡು ಪಾಪ್ಪೋಂ."

ಮಾಟ್ಟುಪೊಣ್ಣು ಎಂದರೆ ಸೊಸೆ, ಪೋಟ್ಟು ಎಂದರೆ ಹಾಕಿ, ಪಾಪ್ಪೋಂ ಎಂದರೆ ನೋಡೋಣ ಎಂದು ನನಗೆ ತಿಳಿದದ್ದು ಆಮೇಲೆ. ಕಾಫಿ ಕುಡಿಯುವಾಗ ಅವರನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಡಬರಾ ಎಂಬ ಪುಟ್ಟ ಬಟ್ಟಲಿನಿಂದ ಲೋಟಕ್ಕೆ, ಲೋಟದಿಂದ ಡಬರಾಕ್ಕೆ ನಾಲ್ಕು ಸಲ ಎತ್ತಿ ಹೊಯ್ದು, ಕಣ್ಣು ಅರೆಮುಚ್ಚಿ ಕುಡಿಯುವರು. ಕೊನೆಗೆ ಲೋಟವನ್ನು ಡಬರಾದ ಮೇಲೆ ಕವುಚಿಟ್ಟು, ಇಳಿದ ಹನಿಯನ್ನೂ ಬಿಡದೆ ಕುಡಿದು ಏಳುವರು. ಇಷ್ಟು ವರ್ಷಗಳಲ್ಲಿ ಅವರು ಅರ್ಧ ಕಾಫಿ ಬಿಟ್ಟು ಎದ್ದದ್ದನ್ನು ನಮ್ಮ ಹೋಟೆಲಿನವರು ನೋಡಿದ್ದು ಒಂದೇ ಸಲ. ಆ ಕಥೆ ಬರುತ್ತದೆ, ಸ್ವಲ್ಪ ತಾಳಿ.

ನರ್ಸಿನ ಕೆಲಸಕ್ಕೆ ಸೇರಿದ್ದಕ್ಕೆ ಅವರ ಅಪ್ಪ ಒಂದು ವರ್ಷ ಅವರ ಕೈಯ ಅನ್ನ ಉಣ್ಣಲಿಲ್ಲವಂತೆ. ದಿನಾ ಹೆರಿಗೆಯ ಮೈಲಿಗೆ ಹೊತ್ತು ಬರುವ ಮಗಳು, ಮಡಿಯ ಮನೆ! ಡ್ಯೂಟಿ ಮುಗಿಸಿ ಬಂದರೆ ಹಿತ್ತಿಲ ಬಾವಿಕಟ್ಟೆಯಲ್ಲಿ ಉಟ್ಟ ಸೀರೆಯಲ್ಲೇ ಎರಡು ಕೊಡ ನೀರು ಸುರಿದುಕೊಂಡು ಒಳಗೆ ಹೋಗಬೇಕು. "ಆಸ್ಪತ್ರೇಲಿ ಒಂದು ಸ್ನಾನ, ಅಪ್ಪಾಗೆ ಒಂದು ಸ್ನಾನ. ನನ್ನಷ್ಟು ಕ್ಲೀನಾದ ಪೊಂಬಳೆ ಮದ್ರಾಸಲ್ಲೇ ಇಲ್ಲಮ್ಮ" ಎಂದು ನಗುತ್ತಿದ್ದರು. ಅಪ್ಪನ ಮೇಲೆ ಅವರಿಗೆ ಸಿಟ್ಟಿತ್ತೋ ಇಲ್ಲವೋ, ಅದನ್ನು ಮಾತ್ರ ಅವರು ಯಾವತ್ತೂ ಹೇಳಲಿಲ್ಲ.

ಇನ್ನು ಅವರ ಪರೀಕ್ಷೆಯ ವಿಷಯ. ಸುಳ್ಳು ನೋವಿಗೆ ಇಲ್ಲಿಯವರು ಸೂಟ್ಟು ವಲಿ ಎನ್ನುತ್ತಾರೆ, ಅಂದರೆ ಮೈ ಉಷ್ಣವಾಗಿ ಬರುವ ನೋವು. ಬಸುರಿ ಹೆಂಗಸು ಹೊಟ್ಟೆ ಹಿಡಿದುಕೊಂಡು ಬಂದರೆ ಮಾಮಿ ಮೊದಲು ಜೀರಿಗೆ ಕುದಿಸಿದ ನೀರು ಎರಡು ಲೋಟ ಕುಡಿಸುವರು. ಬಚ್ಚಲಿಗೆ ಕಳಿಸುವರು. ಅರ್ಧ ಗಂಟೆ ಎಡಮಗ್ಗುಲಿಗೆ ಮಲಗಿಸುವರು. ಆಮೇಲೆ ಎಬ್ಬಿಸಿ ಬೀದಿಯ ಈ ತುದಿಯಿಂದ ಆ ತುದಿಗೆ ನಡೆಸುವರು. ಇಷ್ಟರಲ್ಲಿ ನೋವು ಇಳಿದರೆ ಮನೆಗೆ ಹೋಗಿ ನಿದ್ದೆ ಮಾಡು. ಇಳಿಯದೆ, ಸೊಂಟದಿಂದ ಎದ್ದು ಮುಂದಕ್ಕೆ ಸುತ್ತಿಕೊಂಡು, ಬಿಟ್ಟು ಬಿಟ್ಟು, ಬರಬರುತ್ತಾ ಹತ್ತಿರ ಹತ್ತಿರ ಬರುತ್ತಿದ್ದರೆ ಆಗ ಕೊನೆಯ ಪರೀಕ್ಷೆ. ಎದುರು ಕೂರಿಸಿಕೊಂಡು ಒಂದು ಅಡುಗೆ ಕೇಳುವರು.

"ನಿಮ್ಮ ಮನೆ ಪುಳಿಯೋಗರೆ ಎಪ್ಪಡಿ ಮಾಡ್ತೀಯ? ಮೊದಲಿಂದ ಹೇಳು, ಒಂದೂ ಬಿಡಬಾರದು."

ಸುಳ್ಳು ನೋವಿನವಳು ಅಯ್ಯೋ ಅಮ್ಮಾ ಎನ್ನುತ್ತಲೇ ಒಗ್ಗರಣೆಯವರೆಗೂ ಹೇಳಿ ಮುಗಿಸುತ್ತಾಳೆ, ನಡುವೆ ನಿಮ್ಮ ಮನೆಯಲ್ಲಿ ಬೆಲ್ಲ ಜಾಸ್ತಿ ಎಂದು ಜಗಳಕ್ಕೂ ಬರುತ್ತಾಳೆ. ನಿಜವಾದ ನೋವು ಬಂದವಳು ಹುಣಿಸೆಹಣ್ಣು ಕುದಿಯುವ ಮೊದಲೇ ಮಾತಿನ ನಡುವೆ ನಿಂತುಬಿಡುತ್ತಾಳೆ. ನಿಲ್ಲಿಸುವುದಲ್ಲ, ತಾನಾಗಿ ನಿಲ್ಲುತ್ತದೆ. ಬಾಯಿ ತೆರೆದೇ ಇರುತ್ತದೆ, ಮಾತು ಇರುವುದಿಲ್ಲ. ನೋವು ಇಳಿದ ಮೇಲೆ "ಎಲ್ಲಿದ್ದೆ?" ಎಂದು ಕೇಳುತ್ತಾಳೆ. ಐದೈದು ನಿಮಿಷಕ್ಕೆ ಹೀಗೇ ಆದರೆ ಗಡಿಯಾರ ನೋಡುವುದೇ ಬೇಡ, ಮಾತು ನಿಂತರೆ ಹೊರಡಬೇಕು ಎನ್ನುವರು ಮಾಮಿ. ನಾಲ್ಕಕ್ಕೆ ಮಾತ್ರ ಈ ಪರೀಕ್ಷೆ ಯಾವುದೂ ಇಲ್ಲ: ನೀರು ಹೋದರೆ, ರಕ್ತ ಕಂಡರೆ, ಮಗು ಆಡುವುದು ಕಡಿಮೆಯಾದರೆ, ದಿನ ತುಂಬುವ ಮೊದಲೇ ನೋವು ಬಂದರೆ. "ಅದಕ್ಕೆ ಜೀರಿಗೆನೂ ಬೇಡ ಪುಳಿಯೋಗರೆನೂ ಬೇಡ, ಓಡು!"

ಇದನ್ನು ಯಾರು ಕಲಿಸಿದರು ಎಂದು ಒಮ್ಮೆ ಕೇಳಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬಳು ನೋವಿನಲ್ಲಿ ಅವರ ಕೈ ತಳ್ಳಿ, "ನಿನಗೇನೇ ಗೊತ್ತು, ಹೆತ್ತಿದ್ದೀಯಾ?" ಎಂದು ಕಿರುಚಿದಳಂತೆ.

"ನೀವು ಎಂತ ಹೇಳಿದ್ರಿ ಮಾಮಿ?"

"ಏನ್ ಹೇಳೋದು, ಅವಳು ಹೇಳಿದ್ದು ಸರೀನೇ ಅಲ್ವಾ? ಹೌದಮ್ಮ, ನಂಗೆ ತೆರಿಯಾದು. ನೀನೇ ಹೇಳು ಅಂದೆ. ಹೇಳೋಕೆ ಶುರು ಮಾಡಿದ್ಲು. ನಡುವಲ್ಲಿ ನಿಂತೋದ್ಲು. ಆವತ್ತಿಂದ ನಾನು ಬರೀ ಕೇಳೋದು, ಅವ್ರೇ ಹೇಳೋದು."

ಹೆತ್ತವರು ನಾವು, ನಮ್ಮ ನೋವನ್ನೇ ಅಳತೆಗೋಲು ಮಾಡಿಕೊಂಡು ಇನ್ನೊಬ್ಬಳಿಗೆ ಇದೇನು ಮಹಾ ಎನ್ನುತ್ತೇವೆ. ಮಾಮಿಯ ಹತ್ತಿರ ಅಳತೆಗೋಲೇ ಇರಲಿಲ್ಲ.

ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಶ್ರುತಿ ಹೊಟ್ಟೆಯಲ್ಲಿದ್ದಾಗ ದಿನ ತುಂಬಿದ ಮೇಲೆ ಒಂದು ಏಕಾದಶಿ ಬಂತು. ಬಸುರಿಗೆ ಉಪವಾಸ ಬೇಡ ಎಂದು ಅತ್ತೆಯೇ ಹೇಳಿದ್ದರು. ನನಗೆ ಅತ್ತೆಯಿಂದ ಭೇಷ್ ಅನ್ನಿಸಿಕೊಳ್ಳುವ ಚಪಲ. ಮದ್ರಾಸಿನ ಮೇ ತಿಂಗಳಲ್ಲಿ ತೊಟ್ಟು ನೀರೂ ಕುಡಿಯದೆ ಕೂತೆ! ಮಧ್ಯಾಹ್ನಕ್ಕೆ ಹೊಟ್ಟೆ ಕಲ್ಲಿನ ಹಾಗಾಯಿತು. ಆಸ್ಪತ್ರೆಗೆ ಹೋದರೆ ನೀರು ಕುಡಿಸಿ ವಾಪಸು ಕಳಿಸಿದರು. ಸಂಜೆ ಮಾಮಿಗೆ ವಿಷಯ ಗೊತ್ತಾಯಿತು.

"ದೇವರಿಗೆ ಉಪವಾಸ ಬೇಕಿದ್ರೆ ನಿನ್ನ ಗಂಡ ಇಲ್ವಾ, ದಪ್ಪಕ್ಕಿದ್ದಾನೆ, ಅವನು ಮಾಡ್ಲಿ!" ಎಂದು ಹೋಟೆಲಿನಲ್ಲಿ ಎಲ್ಲರೆದುರು ನನಗೆ ಬೈದರು. ಇವರು ಗಲ್ಲಾದಲ್ಲಿ ಕೂತು ಮುಸಿಮುಸಿ ನಗುತ್ತಿದ್ದರು.

ಎರಡನೆಯ ಸಲ ನಾಲ್ಕು ದಿನದ ಮೇಲೆ. ಪರೀಕ್ಷೆಗೆ ಮಾಮಿ ಎದುರು ಕೂರಿಸಿಕೊಂಡು ನಮ್ಮೂರ ಬದನೆಕಾಯಿ ಕೊದ್ದೆಲು ಕೇಳಿದರು. ಸಾಂಬಾರಿನ ಅಣ್ಣನಂಥ ಪದಾರ್ಥ ಅದು, ತೆಂಗಿನಕಾಯಿ ರುಬ್ಬಿ ಹಾಕುವುದು. ನಾನು ಬೇಳೆ ಬೇಯಿಸುವುದರಿಂದ ಹಿಡಿದು ತೆಂಗಿನೆಣ್ಣೆಯ ಒಗ್ಗರಣೆಯವರೆಗೆ ಒಂದೇ ಉಸಿರಿನಲ್ಲಿ ಹೇಳಿದೆ. "ಬೆಳ್ಳುಳ್ಳಿ?" ಎಂದರು. "ಛೀ, ಎಂತ ಮಾಮಿ, ನಮ್ಮಲ್ಲಿ ಹಾಕುವ ಕ್ರಮ ಉಂಟಾ?" ಎಂದೆ. "ಇಷ್ಟು ಜೋರಾಗಿ ಜಗಳ ಆಡೋಳಿಗೆ ನೋವಿಲ್ಲ, ಹೋಗು" ಎಂದರು. ನಾನು ಕೇಳದೆ ಹಟ ಮಾಡಿ ಆಸ್ಪತ್ರೆಗೆ ಹೋದೆ, ಮತ್ತೆ ವಾಪಸು ಬಂದೆ. ಅತ್ತೆ ಎರಡು ಸಲವೂ ದೇವರಿಗೆ ತುಪ್ಪದ ದೀಪ ಹಚ್ಚಿ ಕೂತಿದ್ದವರು, "ಮೂರನೇ ಸಲ ದೀಪ ಹಚ್ಚಿದ್ರೆ ದೇವ್ರೇ ನಗಾಡ್ತಾನೆ ಮಾರಾಯ್ತಿ" ಎಂದರು. ತಮಾಷೆಗೇ ಹೇಳಿದ್ದು. ಆದರೆ ನನಗೆ ಅವಮಾನದಿಂದ ಕಿವಿ ಬಿಸಿಯಾಯಿತು.

ಹಾಗಾಗಿ ಮೂರನೆಯ ಸಲ ನಾನು ಬಾಯಿ ಬಿಡಲಿಲ್ಲ. ಬೆಳಿಗ್ಗೆಯಿಂದ ಸೊಂಟ ಹಿಡಿದು ಹಿಡಿದು ಬಿಡುತ್ತಿತ್ತು. ಕೂತದ್ದು ಹೆಚ್ಚಾಯಿತೇನೋ ಎಂದುಕೊಂಡೆ. ನೋವು ಬಂದಾಗ ಅಡುಗೆಕೋಣೆಯ ಗೋಡೆಗೆ ಹಣೆ ಒತ್ತಿ ನಿಂತು, ಹೋದ ಮೇಲೆ ನಗುತ್ತಾ ಹೊರಗೆ ಬರುತ್ತಿದ್ದೆ. ಮೂರೂವರೆಗೆ ಮಾಮಿ ಬಂದರು. ಕಾಫಿಯನ್ನು ನಾನೇ ಕೊಂಡುಹೋಗಿ ಇಟ್ಟೆ. ಅವರು ನಾಲ್ಕು ಸಲ ಎತ್ತಿ ಹೊಯ್ದರು, ಎರಡು ಗುಟುಕು ಕುಡಿದರು, ನನ್ನ ಮುಖ ನೋಡಿದರು. ಕಾಫಿಯ ನಡುವೆ ಮಾಮಿ ಮಾತಾಡಿದ್ದನ್ನು ನಾನು ನೋಡಿದ್ದು ಆವತ್ತೇ.

"ಆ ಕೊದ್ದೆಲು ಎಪ್ಪಡಿ ಅಂದೆ? ಮರೆತೋಯ್ತು. ಇನ್ನೊಂದು ಸಲ ಹೇಳು."

"ಬೇಳೆ ಬೇಯ್ಲಿಕ್ಕೆ ಇಡುದು ಮಾಮಿ. ಮತ್ತೆ ಮೆಣಸು, ಉದ್ದಿನಬೇಳೆ, ಮೆಂತೆ ಹುರಿದುಕೊಳ್ಳುದು. ಮತ್ತೆ ಕೊತ್ತಂಬರಿ..."

ಮಾತು ನಿಂತಿತು. ನಾನು ಮೇಜಿನ ಅಂಚು ಹಿಡಿದುಕೊಂಡೆ. ಕೊತ್ತಂಬರಿ ಆದಮೇಲೆ ಏನೆಂದು ನನಗೆ ಗೊತ್ತಿತ್ತು, ಆದರೆ ಅದು ಎಲ್ಲೋ ಬಹಳ ದೂರದಲ್ಲಿತ್ತು. ಕಣ್ಣು ಬಿಟ್ಟಾಗ ಮಾಮಿ ಎದ್ದು ನಿಂತಿದ್ದರು. ಲೋಟದಲ್ಲಿ ಅರ್ಧ ಕಾಫಿ ಹಾಗೇ ಇತ್ತು. ಗಲ್ಲಾದಿಂದ ಇವರು ಅದನ್ನು ನೋಡಿದವರೇ, "ಮಾಮಿ ಕಾಫಿ ಬಿಟ್ರಾ!" ಎಂದು ಕೂಗಿ, ಚಪ್ಪಲಿಯನ್ನೂ ಮೆಟ್ಟದೆ ಆಟೋ ತರಲು ಬೀದಿಗೆ ಓಡಿದರು. ಹೆಂಡತಿಯ ಮುಖ ನೋಡಿ ಅಲ್ಲ, ಕಾಫಿ ಲೋಟ ನೋಡಿ ಓಡಿದ ಗಂಡ ಲೋಕದಲ್ಲಿ ಇವರೊಬ್ಬರೇ ಇರಬೇಕು!

ರೈಲ್ವೆ ಸಬ್‌ವೇಯಲ್ಲಿ ಲಾರಿ ಕೆಟ್ಟು ನಿಂತಿತ್ತು. ಮಾಮಿ ಆಟೋದಿಂದ ಇಳಿದು, ಸೀರೆ ಎತ್ತಿ ಕಟ್ಟಿ, ಮುಂದಿದ್ದ ಗಾಡಿಗಳನ್ನೆಲ್ಲ ತಮಿಳಿನಲ್ಲಿ ಗದರಿ ಪಕ್ಕಕ್ಕೆ ಸರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಒಬ್ಬ ಬಸ್ ಡ್ರೈವರು ಅವರನ್ನು ಪೊಲೀಸು ಇಲಾಖೆಯವರು ಎಂದೇ ತಿಳಿದು ಬಸ್ಸನ್ನು ಹಿಂದಕ್ಕೆ ತೆಗೆದ. ಆಸ್ಪತ್ರೆ ಮುಟ್ಟಿದ ಒಂದೂವರೆ ಗಂಟೆಗೆ ಶ್ರುತಿ ಹುಟ್ಟಿದಳು.

ಮಾರನೆಯ ದಿನ ಮಾಮಿ ವಾರ್ಡಿಗೆ ಬಂದರು. ಮಗುವನ್ನು ನೋಡಲೇ ಇಲ್ಲ. ನೇರ ನನ್ನ ಮಂಚದ ಹತ್ತಿರ ನಿಂತು, "ಕೊತ್ತಂಬರಿ ಆದಮೇಲೆ?" ಎಂದರು.

"ಎಂತ ಮಾಮಿ?"

"ಕೊತ್ತಂಬರಿ ಆದಮೇಲೆ ಏನಮ್ಮಾ? ಅರ್ಧಕ್ಕೆ ನಿಲ್ಸಿದ್ಯಲ್ಲ."

ನಾನು ನಗುತ್ತಾ ಉಳಿದದ್ದನ್ನು ಹೇಳಿದೆ. ತೆಂಗಿನಕಾಯಿ ರುಬ್ಬುವುದು, ಹುಳಿ, ಬೆಲ್ಲ, ಒಗ್ಗರಣೆ. ಒಗ್ಗರಣೆ ಮುಗಿದ ಮೇಲೆಯೇ ಅವರು ಮಗುವಿನ ತೊಟ್ಟಿಲಿಗೆ ಬಗ್ಗಿದ್ದು. ಅದು ಅವರ ಪದ್ಧತಿ ಎಂದು ಆಮೇಲೆ ಗೊತ್ತಾಯಿತು. ನೋವಿನಲ್ಲಿ ನಿಂತ ಮಾತನ್ನು ಹೆತ್ತ ಮೇಲೆ ಅವಳ ಬಾಯಿಂದಲೇ ಮುಗಿಸಬೇಕು. ಮುಗಿಸಿದರೆ ತಾಯಿ ಕ್ಷೇಮ, ಕೆಲಸ ಮುಗಿಯಿತು. ಹೀಗೆ ಅವರ ತಲೆಯಲ್ಲಿ ಮದ್ರಾಸಿನ ಸಾವಿರ ಮನೆಗಳ ಅಡುಗೆ ತುಂಬಿಕೊಂಡಿತ್ತು, ಒಂದನ್ನೂ ಅವರು ಮಾಡಿದವರಲ್ಲ. ಅವರ ಮನೆಯ ರಾತ್ರಿಯೂಟ ಎಂದರೆ ಮೊಸರನ್ನ, ಉಪ್ಪಿನಕಾಯಿ.

ಒಂದೇ ಒಂದು ಅಡುಗೆ ಅವರಲ್ಲಿ ಅರ್ಧಕ್ಕೆ ನಿಂತಿತ್ತು. ಅದನ್ನು ಅವರು ಹೇಳಿದ್ದು ಒಮ್ಮೆ ಮಾತ್ರ, ಶ್ರುತಿಯ ಮೊದಲ ಹುಟ್ಟುಹಬ್ಬದ ಸಂಜೆ. ತಿರುವೊಟ್ಟಿಯೂರಿನ ಮೀನುಗಾರರ ಹುಡುಗಿಯೊಬ್ಬಳು. ಮನೆಯವರು ಸೂಟ್ಟು ವಲಿ, ಸೂಟ್ಟು ವಲಿ ಎಂದು ಇಡೀ ದಿನ ಜೀರಿಗೆ ನೀರು ಕುಡಿಸುತ್ತಾ ಕೂತಿದ್ದರಂತೆ. ಅವಳಿಗೂ ಮೊದಲು ಎರಡು ಸಲ ವಾಪಸು ಬಂದಿದ್ದ ನಾಚಿಕೆ. ಆಸ್ಪತ್ರೆಗೆ ಬರುವಾಗ ತಡವಾಗಿತ್ತು. ಸ್ಟ್ರೆಚರಿನ ಪಕ್ಕ ನಡೆಯುತ್ತಾ ಮಾಮಿ ಕೇಳಿದರಂತೆ, ಮೀನ್ ಕುಳಂಬು ಎಪ್ಪಡಿ ಮಾಡ್ತೀಯ? ಮೀನನ್ನು ಕಣ್ಣೆತ್ತಿ ನೋಡದ ಮನೆಯ ಹೆಂಗಸು ಕೇಳಿದ ಪ್ರಶ್ನೆ ಅದು.

"ಹುಣಿಸೆಹಣ್ಣು ಕರಗಿಸಿ, ಮೆಣಸಿನಪುಡಿ ಹಾಕಿ, ಕುದಿ ಬಂದಮೇಲೆ ಅಂದ್ಲು. ಅಷ್ಟೇನೇ" ಎಂದರು ಮಾಮಿ. ಮಗು ಬದುಕಿತು. ಅವಳು ಬದುಕಲಿಲ್ಲ. "ಕುದಿ ಬಂದಮೇಲೆ ಮೀನು ಹಾಕ್ತಾರೆ ಅಂತ ಯಾರು ಬೇಕಾದ್ರೂ ಹೇಳ್ತಾರೆ. ಆದ್ರೆ ಅವಳು ಹೇಳಲಿಲ್ಲ ನೋಡು."

ಆವತ್ತು ನನಗೆ ಅರ್ಥವಾಯಿತು. ನಾಲ್ಕು ಸಲ ಸುಮ್ಮನೆ ಹೋಗಿ ವಾಪಸು ಬಂದರೆ ಊರು ನಗುತ್ತದೆ, ಅಷ್ಟೇ. ನಗುತ್ತಾರೆಂದು ಹೋಗದೆ ಕೂರುವುದೇ ಅಪಾಯ. ನಾನು ಗೋಡೆಗೆ ಹಣೆ ಒತ್ತಿ ನಿಂತದ್ದು ನೆನಪಾಗಿ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡೆ.

ಕೊನೆಯ ಏಳೆಂಟು ವರ್ಷ ಮಾಮಿಗೆ ಕಿವಿ ಪೂರ್ತಿ ಹೋಗಿತ್ತು. ಆದರೂ ಪರೀಕ್ಷೆ ನಿಲ್ಲಲಿಲ್ಲ. "ನಿಂತ ಮಾತು ಕೇಳೋಕೆ ಕಿವಿ ಯಾಕಮ್ಮಾ, ಬಾಯಿ ನೋಡಿದ್ರೆ ಪೋದುಂ, ಸಾಕು" ಎನ್ನುತ್ತಿದ್ದರು. ಶ್ರುತಿ ಬಸುರಿ ಎಂದು ಬರೆದು ತೋರಿಸಿದಾಗ ಮುಖ ಊರಗಲ ಮಾಡಿ, ಬೆರಳು ಮಡಚಿ ತಿಂಗಳು ಎಣಿಸಿದರು. ಆಮೇಲೆ ನನ್ನ ಕೈ ಹಿಡಿದು, "ನಾನು ಇರಲ್ಲ. ನೀನೇ ಕೇಳು" ಎಂದರು. ಸುಮ್ಮನಿರಿ ಮಾಮಿ ಎಂದು ನಾನು ಗದರಿಸಿದೆ. ಅವರಿಗೆ ಕೇಳಿಸಲಿಲ್ಲ.

ನಾನು ಮೊದಲು ಹೇಳಿದ ಹದಿನೈದು ದಿನಕ್ಕೆ ಈಗ ಬರುತ್ತೇನೆ. ಅಳಿಯ ಕಾರ್ತಿಕ್ ತಮಿಳು ಹುಡುಗ, ಎಣ್ಣೂರಿನ ಬಂದರಿನಲ್ಲಿ ಕೆಲಸ. ಒಳ್ಳೆಯವನು, ಆದರೆ ಎಲ್ಲದಕ್ಕೂ ಫೋನಿನಲ್ಲಿ ಒಂದು ಆಪ್ ಬೇಕು. ನೋವು ಬಂದಾಗ ಒತ್ತಬೇಕು, ಹೋದಾಗ ಒತ್ತಬೇಕು, ಅದೇ ಹೇಳುತ್ತದೆ ಯಾವಾಗ ಹೊರಡಬೇಕೆಂದು. ಆ ಉತ್ಸಾಹದಲ್ಲಿ ಅವನು ಹೊಟ್ಟೆಯೊಳಗಿನ ಮಗುವಿನ ಬಿಕ್ಕಳಿಕೆಗೂ ಒತ್ತಿದನೆಂದು ಕಾಣುತ್ತದೆ. "ಅತ್ತೈ, ಆಪ್ ಕಿಳಂಬ ಸೊಲ್ಲುದು!" ಎಂದು ಕೂಗಿದ. ಆಪ್ ಹೊರಡಲು ಹೇಳಿತೆಂದು ಹೊರಟೆವು. ಡಾಕ್ಟರಮ್ಮ ನೋಡಿ, ಸುಳ್ಳು ನೋವು, ನೀರು ಚೆನ್ನಾಗಿ ಕುಡಿಯಲಿ ಎಂದು ವಾಪಸು ಕಳಿಸಿದರು.

ಎರಡನೆಯ ಸಲ ನಾನೇ ಮುಂದೆ ಬಿದ್ದೆ. ಆಪ್ ಮಣ್ಣಂಗಟ್ಟಿ, ನನ್ನ ಹತ್ತಿರ ಮಾಮಿಯ ವಿದ್ಯೆ ಉಂಟು ಎಂದು ಜಂಬದಿಂದ ಶ್ರುತಿಯನ್ನು ಎದುರು ಕೂರಿಸಿಕೊಂಡು ಕೊದ್ದೆಲು ಕೇಳಿದೆ. ಅವಳು ಬೇಳೆ ಎಂದಳು, ಮೆಣಸು ಎಂದಳು, ಕೊತ್ತಂಬರಿ ಎಂದಳು. ನಿಂತಳು. ಬಾಯಿ ತೆರೆದೇ ಇತ್ತು. ಅಯ್ಯೋ ದೇವರೇ, ನನ್ನಮ್ಮನಾಣೆ, ಅದೇ ಕೊತ್ತಂಬರಿ! ಇಪ್ಪತ್ತೆಂಟು ವರ್ಷದ ಹಿಂದೆ ನಾನು ನಿಂತ ಜಾಗದಲ್ಲೇ ನನ್ನ ಮಗಳೂ ನಿಂತಳು ಎಂದು ಕಣ್ಣಲ್ಲಿ ನೀರು ಬಂತು. ಬ್ಯಾಗು ಎತ್ತಿ, ಕೂಗಾಡಿ, ಮನೆಮಂದಿಯನ್ನೆಲ್ಲ ಕಾರಿಗೆ ತುಂಬಿಸಿ ಆಸ್ಪತ್ರೆಗೆ ಹೋದೆವು. ಅಲ್ಲಿ ನೋಡಿದರೆ ಏನೂ ಇಲ್ಲ.

ವಾಪಸು ಬರುವಾಗ ಕಾರಿನಲ್ಲಿ ಶ್ರುತಿ ಹೇಳಿದಳು: "ಅಮ್ಮಾ, ನಂಗೆ ನೋವಿರ್ಲಿಲ್ಲ. ಕೊತ್ತಂಬರಿ ಆದ್ಮೇಲೆ ಏನು ಹಾಕ್ತಾರೆ ಅಂತ ಗೊತ್ತಿರ್ಲಿಲ್ಲ."

ಇವರು ನಕ್ಕ ನಗುವಿಗೆ ಕಾರೇ ಅಲ್ಲಾಡಿತು. ಹೋಟೆಲಿನವರ ಮಗಳು, ಒಲೆ ಹಚ್ಚಿ ಗೊತ್ತಿಲ್ಲದವಳು! ತಪ್ಪು ನನ್ನದೇ, ಓದು ಓದು ಎಂದು ಅಡುಗೆಕೋಣೆಗೆ ಬಿಟ್ಟವಳಲ್ಲ. ಆದರೆ ಶ್ರುತಿ ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ, "ಇನ್ನೊಂದ್ಸಲ ನಾನು ಹೋಗಲ್ಲ. ಆ ನರ್ಸ್‌ಗಳೆಲ್ಲಾ ಸಿರಿಕ್ಕಿರಾಂಗ, ನನ್ನ ನೋಡಿ ನಗ್ತಾರೆ. ಮಗು ಬೇಕಿದ್ರೆ ತಾನೇ ನಡ್ಕೊಂಡು ಬರ್ಲಿ" ಎಂದಳು. ನನ್ನ ನಗು ಅಲ್ಲಿಗೇ ಇಂಗಿಹೋಯಿತು. ತಿರುವೊಟ್ಟಿಯೂರಿನ ಆ ಹುಡುಗಿ, ಅವಳ ಕುದಿ ಬಂದ ಹುಳಿ ಎರಡೂ ನೆನಪಾದವು.

ಮೊನ್ನೆ ಬುಧವಾರ ಬೆಳಿಗ್ಗೆ. ಇವರು ಕೆಳಗೆ ಹೋಟೆಲಿನಲ್ಲಿ, ಕಾರ್ತಿಕ್ ಎಣ್ಣೂರಿನಲ್ಲಿ. ಶ್ರುತಿ ಬಾಲ್ಕನಿಯ ಸರಳು ಹಿಡಿದು ನಿಂತಿದ್ದಳು. ಸೊಂಟಕ್ಕೆ ಬಿಸಿನೀರಿನ ಚೀಲ ಕೇಳಿದಳು. ಜೀರಿಗೆ ನೀರು ಎರಡು ಲೋಟ ಕುಡಿಸಿದೆ. ಬಚ್ಚಲಿಗೆ ಕಳಿಸಿದೆ. ಎಡಮಗ್ಗುಲಿಗೆ ಮಲಗಿಸಿದೆ, ಎಬ್ಬಿಸಿ ನಡೆಸಿದೆ.

"ಹೇಗುಂಟು?"

"ಹೋಯ್ತಮ್ಮಾ. ಒಣ್ಣುಮಿಲ್ಲೆ, ಏನೂ ಇಲ್ಲ. ನೀನು ಶುರು ಮಾಡ್ಬೇಡ" ಎಂದಳು. ಹಣೆಯ ಮೇಲೆ ಬೆವರಿತ್ತು. ನಾನು ಗೋಡೆಯ ಹತ್ತಿರ ನಿಂತು ನಕ್ಕಿದ್ದೆನಲ್ಲ, ಅದೇ ನಗು ಅವಳ ಮುಖದಲ್ಲಿತ್ತು.

ಏನು ಕೇಳಲಿ ಈಗ? ಅಡುಗೆ ಬಾರದು. ಅವಳ ಆಫೀಸಿನ ಕೆಲಸ ನನಗೆ ತಿಳಿಯದು. ಮೊದಲಿಂದ ಕೊನೆಯವರೆಗೆ ತಡೆಯಿಲ್ಲದೆ ಹೇಳುವಂಥದ್ದು ನನ್ನ ಮಗಳಿಗೆ ಏನು ಗೊತ್ತು? ಅವಳು ಮತ್ತೆ ಬಾಲ್ಕನಿಯ ಸರಳಿಗೆ ಒರಗಿ ಕೂತಳು, ನಾನು ಕಾಫಿ ಬಗ್ಗಿಸಿಕೊಂಡು ಅವಳೆದುರು ಕೂತೆ. ತಟ್ಟನೆ ಹೊಳೆಯಿತು ನೋಡಿ! ಈ ಹುಡುಗಿಗೆ ಪ್ರೀತಿ ತಮಿಳಿನಲ್ಲಿ, ಕೆಲಸ ಇಂಗ್ಲಿಷಿನಲ್ಲಿ, ನನ್ನ ಮೇಲಿನ ಸಿಟ್ಟು ಮಾತ್ರ ಶುದ್ಧ ಕನ್ನಡದಲ್ಲಿ.

"ಶ್ರುತಿ, ಸಣ್ಣದಿರುವಾಗಿಂದ ನಾನು ನಿನಗೆ ಎಂತೆಂತ ಅನ್ಯಾಯ ಮಾಡಿದ್ದೇನೆ, ಎಲ್ಲ ಹೇಳು. ಮೊದಲಿಂದ. ಒಂದೂ ಬಿಡಬಾರದು."

ಅವಳ ಕಣ್ಣು ಹೊಳೆದವು. "ನಿಜವಾಗ್ಲೂ? ಬೇಜಾರು ಮಾಡ್ಕೋಬಾರ್ದು."

"ಇಲ್ಲ, ಹೇಳು."

ಅಬ್ಬಬ್ಬಾ, ಕಾದಿದ್ದಳೋ ಏನೋ! ಯುಕೆಜಿಯಲ್ಲಿ ತಲೆಗೆ ಎಣ್ಣೆ ಸುರಿದು ಎರಡು ಜಡೆ ಹಾಕಿ ಕಳಿಸಿದ್ದು. ಹೋಟೆಲು ಇದ್ದೂ ದಿನಾ ಡಬ್ಬಿಗೆ ತಣ್ಣಗಿನ ಇಡ್ಲಿ ಹಾಕಿದ್ದು. ಎಲ್ಲರ ಮಕ್ಕಳೂ ಆಟವಾಡುವ ಭಾನುವಾರ ಇವಳನ್ನು ಕನ್ನಡ ಅಕ್ಷರ ಕಲಿಯಲು ಕೂರಿಸಿದ್ದು. ಮೂರನೇ ಕ್ಲಾಸಿನಲ್ಲಿ ಡ್ಯಾನ್ಸ್ ಬಿಡಿಸಿದ್ದು.

"ಆಮೇಲೆ ಐದನೇ ಕ್ಲಾಸಲ್ಲಿ ಪರೀಕ್ಷೆ ದಿನ ನೀನು ನಂಗೆ..."

ಮಾತು ನಿಂತಿತು. ಸರಳು ಹಿಡಿದ ಬೆರಳುಗಳು ಬೆಳ್ಳಗಾದವು. ಬಾಯಿ ತೆರೆದೇ ಇತ್ತು. ಇದು ಗೊತ್ತಿಲ್ಲದೆ ನಿಂತ ಮಾತಲ್ಲ, ನನ್ನ ತಪ್ಪು ಅವಳಿಗೆ ಮರೆಯುವುದುಂಟೇ? ನಾನು ಅವಳ ಬಾಯನ್ನೇ ನೋಡುತ್ತಾ ಕೂತೆ. ಒಂದು ನಿಮಿಷದ ಮೇಲೆ ಅವಳು ಕಣ್ಣು ತೆರೆದು, "ಎಲ್ಲಿದ್ದೆ?" ಎಂದಳು.

"ಐದನೇ ಕ್ಲಾಸು."

"ಹಾಂ... ಅದಿರ್ಲಿ, ಆಮೇಲೆ ಹೇಳ್ತೀನಿ. ಎಂಟನೇ ಕ್ಲಾಸಲ್ಲಿ ಸೈಕಲ್ ಕೊಡಿಸ್ತೀನಿ ಅಂತ ಹೇಳಿ..." ಸೈಕಲ್ ಮುಗಿಯಿತು. ಕಾಲೇಜಿಗೆ ಬಂದಳು. ಮತ್ತೆ ನಿಂತಳು. ಗಡಿಯಾರ ನೋಡಿದೆ, ಐದೇ ನಿಮಿಷ. ಕಾದೆ. ಕಾರ್ತಿಕ್‌ನನ್ನು ಮದುವೆಯಾಗಲು ನಾನು ಒಂದು ವರ್ಷ ಒಪ್ಪದೆ ಸತಾಯಿಸಿದ ಕಥೆಯ ನಡುವೆ ಮತ್ತೆ ನಿಂತಳು. ಈ ಸಲ ಐದೂ ಆಗಿರಲಿಲ್ಲ.

ಎದ್ದೆ. "ಹೊರಡು" ಎಂದೆ.

"ಅಮ್ಮಾ, ನಾನು ಬರಲ್ಲ. ಮತ್ತೆ ವಾಪಸ್ ಕಳಿಸ್ತಾರೆ."

"ಕಳಿಸಿದರೆ ಬರುವ. ಹತ್ತು ಸಲ ಕಳಿಸಲಿ, ಹತ್ತು ಸಲ ಹೋಪ. ನಗಾಡುವವರು ನನ್ನನ್ನು ನೋಡಿ ನಗಾಡಲಿ. ಏಳು!"

ನನ್ನ ದನಿ ಕೇಳಿ ನನಗೇ ಆಶ್ಚರ್ಯವಾಯಿತು. ನನ್ನ ಕೂಗಿಗೆ ಕೆಳಗಿನಿಂದ ಮೇಲೆ ಬಂದ ಇವರು ಬಾಲ್ಕನಿಯ ಕಟ್ಟೆಯ ಮೇಲೆ ನನ್ನ ಲೋಟ ನೋಡಿದರು. ಅರ್ಧ ಕಾಫಿ ಇತ್ತು. ತಿರುಗಿ ಕಾರು ತೆಗೆಯಲು ಓಡಿದರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನೋಡಿದವರೇ ನೇರ ಒಳಗೆ ಕರೆದುಕೊಂಡರು. ಯಾರೂ ನಗಲಿಲ್ಲ. ಆಮೇಲಿನ ಐದು ಗಂಟೆ ನಾನು ಬೆಂಚಿನ ಮೇಲೆ ಕೂತು ಒಂದನ್ನೇ ಯೋಚಿಸುತ್ತಿದ್ದೆ. ಐದನೇ ಕ್ಲಾಸಿನಲ್ಲಿ ನಾನು ಏನು ಮಾಡಿದೆ? ತಲೆ ಕೆರೆದರೂ ನೆನಪಾಗಲಿಲ್ಲ. ಆ ವಾಕ್ಯ ಮುಗಿಯಲಿ ದೇವರೇ, ಅವಳ ಬಾಯಿಂದಲೇ ಮುಗಿಯಲಿ ಎಂದು ಬೇಡಿಕೊಂಡೆ. ಮಾಮಿ ಇಷ್ಟು ವರ್ಷ ಹೊರಗೆ ನಗುತ್ತಾ ಒಳಗೆ ಏನನ್ನು ಹೊತ್ತುಕೊಂಡು ತಿರುಗಿದ್ದರು ಎಂದು ಆ ಬೆಂಚಿನ ಮೇಲೆ ನನಗೆ ತಿಳಿಯಿತು.

ಹೆಣ್ಣುಮಗು! ಕಾರ್ತಿಕ್ ಎಣ್ಣೂರಿನಿಂದ ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ಓಡಿ ಬಂದಿದ್ದ. ಇವರು ಎದುರು ಸಿಕ್ಕ ವಾಚ್‌ಮನ್ನನ್ನೂ ಅಪ್ಪಿಕೊಂಡರು. ಎಲ್ಲರೂ ಮಗುವಿನ ಸುತ್ತ ಮುತ್ತಿದರು. ನಾನು ಮಗುವಿನ ಕಡೆ ನೋಡಲಿಲ್ಲ. ಮಾಮಿಯಾಣೆ, ನೋಡಲಿಲ್ಲ. ಮಂಚದ ಹತ್ತಿರ ಹೋಗಿ ನಿಂತೆ. ಶ್ರುತಿ ಸುಸ್ತಾಗಿ ಕಣ್ಣು ಮುಚ್ಚಿದ್ದಳು.

"ಐದನೇ ಕ್ಲಾಸಲ್ಲಿ ಪರೀಕ್ಷೆ ದಿನ ನಾನು ಎಂತ ಮಾಡಿದೆ?" ಎಂದೆ.

ಅವಳು ಕಣ್ಣು ತೆರೆದಳು.

"ಆವತ್ತು ನಂಗೆ ಹೊಟ್ಟೆನೋವು ಅಂದೆ. ನೀನು ಸುಳ್ಳು ಅಂತ ಸ್ಕೂಲಿಗೆ ಕಳಿಸ್ದೆ. ನಿಜವಾಗ್ಲೂ ನೋವಿತ್ತಮ್ಮಾ."

ನನಗೆ ಅಳು ತಡೆಯಲಾಗಲಿಲ್ಲ. ತಪ್ಪಾಯಿತು ಮಗಾ ಎಂದೆ. ಅವಳ ಬೆವರಿದ ಕೂದಲನ್ನು ಹಿಂದಕ್ಕೆ ಸರಿಸಿ, ಮಂಚದ ಅಂಚಿನಲ್ಲಿ ಕೂತು ಕೇಳಿದೆ:

"ಆಮೇಲೆ?"